ಆಡಿಯೋ ಸಲಕರಣೆಗೆ ಮನೆಯಲ್ಲೇ ಕಟ್ಟುವ ರೆಗ್ಯುಲೇಟೆಡ್ ಪವರ್ ಸಪ್ಲೈ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಪವರ್ ಸಪ್ಲೈ ಬಗ್ಗೆ ಹೇಳಲಾಗಿದೆ?

ಪ್ರೀಆಂಪ್ಲಿಫೈಯರ್, ಮೈಕ್ ಮಿಕ್ಸರ್, ಟೋನ್ ಕಂಟ್ರೋಲ್, ಹೆಡ್‌ಫೋನ್ ಆಂಪ್ಲಿಫೈಯರ್ ಮುಂತಾದ ಆಪ್-ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ಆಧಾರಿತ ಸರ್ಕ್ಯೂಟ್‌ಗಳಿಗೆ ಬೇಕಾಗುವ, ಪ್ಲಸ್ 15 ಮತ್ತು ಮೈನಸ್ 15 ವೋಲ್ಟ್ ಎರಡನ್ನೂ ಕೊಡುವ, ಪ್ರತಿ ಕಡೆಗೆ ಸುಮಾರು 200 ಮಿಲಿಆಂಪಿಯರ್ ತನಕ ತಡೆದುಕೊಳ್ಳುವ ಲೀನಿಯರ್ ಸಪ್ಲೈ (ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುವ, ಸ್ವಿಚಿಂಗ್ ಇಲ್ಲದ ಬಗೆ) ಇಲ್ಲಿಯ ವಿಷಯ. ಪ್ಲಸ್ ಕಡೆಗೆ ಎಲ್‌ಎಂ 317, ಮೈನಸ್ ಕಡೆಗೆ ಎಲ್‌ಎಂ 337 ಎಂಬ ರೆಗ್ಯುಲೇಟರ್‌ಗಳನ್ನು, ಅಂದರೆ ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್‌ಗಳನ್ನು, ಬಳಸುತ್ತೇವೆ. 317ನ್ನು ಬಾಬ್ ಡಾಬ್ಕಿನ್ ಅವರು 1976ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯಲ್ಲಿದ್ದಾಗ ರೂಪಿಸಿದರು. ಅಷ್ಟು ಹಳೆಯದಾದರೂ ಈ ಕೆಲಸಕ್ಕೆ ಅದು ಇಂದಿಗೂ ಧಾರಾಳವಾಗಿ ಸಾಕು.

230 ವೋಲ್ಟ್ ಇರುವ ಭಾಗವನ್ನು ಇದುವರೆಗೆ ಮುಟ್ಟದವರು, ಆ ಭಾಗವನ್ನು ಮಾತ್ರ ಅನುಭವಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕು. ಮಿಕ್ಕದ್ದನ್ನು ತಪ್ಪಿ, ಸುಟ್ಟು, ಕಲಿಯಬಹುದು. ಆ ಭಾಗದಲ್ಲಿ ಮಾತ್ರ ತಪ್ಪಿ ಕಲಿಯಲು ಅವಕಾಶವಿಲ್ಲ.

ಪ್ಲಸ್ ಮತ್ತು ಮೈನಸ್ ಎರಡೂ ಏಕೆ ಬೇಕು?

ಧ್ವನಿಯ ಸಿಗ್ನಲ್ ಸೊನ್ನೆಯಿಂದ ಮೇಲಕ್ಕೂ ಕೆಳಕ್ಕೂ ತೂಗಾಡುತ್ತದೆ. ಆಪ್-ಆಂಪ್‌ಗೆ ಎರಡೂ ಕಡೆ ವೋಲ್ಟೇಜ್ ಇದ್ದರೆ ಸೊನ್ನೆಯನ್ನೇ ಗ್ರೌಂಡ್ ಎಂದು ಇಟ್ಟುಕೊಳ್ಳಬಹುದು. ಒಂದೇ ವೋಲ್ಟೇಜಿನಲ್ಲೂ ನಡೆಸಬಹುದು, ಆದರೆ ಆಗ ಕೃತಕವಾಗಿ ನಡುವಿನ ವೋಲ್ಟೇಜ್ ಸೃಷ್ಟಿಸಬೇಕು ಮತ್ತು ಹಾದಿಯುದ್ದಕ್ಕೂ ಕಪ್ಲಿಂಗ್ ಕೆಪಾಸಿಟರ್ ಇಡಬೇಕು.

ಮೊಬೈಲ್ ಚಾರ್ಜರ್‌ಗೆ ಒಂದು ಬೂಸ್ಟ್ (ವೋಲ್ಟೇಜ್ ಏರಿಸುವ) ಮಾಡ್ಯೂಲ್ ಜೋಡಿಸಿದರೆ ಆಗುವುದಿಲ್ಲವೇ?

ಕೆಲಸ ನಡೆಯುತ್ತದೆ, ಆದರೆ ಮೈಕ್ ಪ್ರೀಆಂಪ್‌ಗೆ ನಾನು ಅದನ್ನು ಒಪ್ಪುವುದಿಲ್ಲ. ಅಗ್ಗದ ಮಾಡ್ಯೂಲ್‌ಗಳ ಸ್ವಿಚಿಂಗ್ ಸದ್ದು ನೇರವಾಗಿ ಕಿವಿಗೆ ಕೇಳದಿದ್ದರೂ ಸಿಗ್ನಲ್ ತಂತಿಗಳಿಗೆ ಹತ್ತಿ, ಸಿಳ್ಳೆಯಾಗಿಯೋ ಕಿರಿಕಿರಿಯಾಗಿಯೋ ಇಳಿದು ಬರುವುದುಂಟು. ಒಳ್ಳೆಯ ಎಸ್‌ಎಂಪಿಎಸ್ (ಸ್ವಿಚಿಂಗ್ ಸಪ್ಲೈ) ವಿನ್ಯಾಸಗಳು ಖಂಡಿತ ಇವೆ. ಆದರೆ ಅವನ್ನು ಮನೆಯಲ್ಲಿ ಡಾಟ್ ಬೋರ್ಡ್ ಮೇಲೆ ಕಟ್ಟಲಾಗದು.

15 ವೋಲ್ಟ್‌ಗೆ ನಿಗದಿಯಾದ ರೆಗ್ಯುಲೇಟರ್‌ಗಳಾದ 7815 ಮತ್ತು 7915 ಹಾಕಿದರೆ ಸಾಲದೇ?

ಬಹಳಷ್ಟು ಸಂದರ್ಭಗಳಲ್ಲಿ ಸಾಕು, ಮತ್ತು ಇದನ್ನು ಯಾರೂ ಒಪ್ಪಿ ಹೇಳುವುದಿಲ್ಲ. 317ರ ಅನುಕೂಲ ಎರಡು. ಒಂದೇ ಚಿಪ್‌ನಿಂದ ಬೇಕಾದ ವೋಲ್ಟೇಜ್ ಪಡೆಯಬಹುದು. ಅಡ್ಜಸ್ಟ್ ಪಿನ್‌ಗೆ 10 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನು ಸೇರಿಸಿದರೆ ರಿಪಲ್ (ಡಿಸಿಯ ಮೇಲೆ ಉಳಿಯುವ ಏರಿಳಿತ) ತಡೆಯುವ ಶಕ್ತಿ ಸುಮಾರು 65 ಡೆಸಿಬಲ್‌ನಿಂದ 80 ಡೆಸಿಬಲ್‌ಗೆ ಏರುತ್ತದೆ. 337ರಲ್ಲಿ ಈ ಸಂಖ್ಯೆ ತುಸು ಕಡಿಮೆ. ಕೈಯಲ್ಲಿ ಈಗಾಗಲೇ 7815, 7915 ಇದ್ದರೆ ಅವನ್ನೇ ಹಾಕಿ ಮುಂದುವರಿಯಿರಿ. ಆದರೆ ಅವುಗಳ ಪಿನ್ ಜೋಡಣೆ ಬೇರೆ ಎಂಬುದನ್ನು ಮರೆಯಬೇಡಿ.

ಟ್ರಾನ್ಸ್‌ಫಾರ್ಮರ್ 15-0-15 ಕೊಳ್ಳಬೇಕೋ, 18-0-18 ಕೊಳ್ಳಬೇಕೋ?

18-0-18, 500 ಮಿಲಿಆಂಪಿಯರ್ ಕೊಳ್ಳಿ. "ಹದಿನೈದು ವೋಲ್ಟ್ ಬೇಕು, ಹದಿನೈದರದ್ದನ್ನೇ ಕೊಡಿ" ಎಂದು ಅಂಗಡಿಯಲ್ಲಿ ಕೇಳುವುದೇ ಹೊಸಬರು ಮಾಡುವ ಮೊದಲ ತಪ್ಪು, ಹಾಗಾಗಿ ಇದನ್ನು ಲೆಕ್ಕ ಹಾಕಿಯೇ ನೋಡೋಣ.

ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 18 ವೋಲ್ಟ್ ಆರ್‌ಎಂಎಸ್ ಬೆಲೆ, ಅಂದರೆ ಎಸಿಯ ಪರಿಣಾಮಕಾರಿ ಬೆಲೆ. ಅದರ ತುದಿ 18 ಗುಣಿಸು 1.414, ಅಂದರೆ ಸುಮಾರು 25.5 ವೋಲ್ಟ್. ಸೆಂಟರ್ ಟ್ಯಾಪ್ (ಸುರುಳಿಯ ನಡುವಿನಿಂದ ಬರುವ 0 ತಂತಿ) ಇರುವ ಈ ಜೋಡಣೆಯಲ್ಲಿ ಪ್ರತಿ ಕಡೆಗೆ ಒಂದೇ ಡಯೋಡ್ ನಷ್ಟವಾಗುವುದರಿಂದ ಕೆಪಾಸಿಟರ್‌ನಲ್ಲಿ ಸುಮಾರು 24.5 ವೋಲ್ಟ್ ನಿಲ್ಲುತ್ತದೆ. 317 ನೆಟ್ಟಗೆ ಕೆಲಸ ಮಾಡಲು ಔಟ್‌ಪುಟ್‌ಗಿಂತ 2ರಿಂದ 2.5 ವೋಲ್ಟ್ ಹೆಚ್ಚು ಇನ್‌ಪುಟ್ ಬೇಕು, ಅಂದರೆ 17.5 ವೋಲ್ಟ್. ಇಷ್ಟರವರೆಗೆ ನೋಡಿದರೆ 15-0-15 ಕೂಡ ಸರಿಯೇ, ಅದರಲ್ಲಿ 20.3 ವೋಲ್ಟ್ ಸಿಗುತ್ತದೆ.

ಆದರೆ ನಮ್ಮ ಮನೆಯ ಪ್ಲಗ್‌ನಲ್ಲಿ ಯಾವಾಗಲೂ 230 ಇರುತ್ತದೆಯೇ? ಊರ ಕಡೆ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ 180ಕ್ಕೆ ಇಳಿದದ್ದನ್ನು ಅಲ್ಲಿದ್ದವರೆಲ್ಲ ನೋಡಿದ್ದೀರಿ. 180 ವೋಲ್ಟ್‌ನಲ್ಲಿ 15-0-15 ಟ್ರಾನ್ಸ್‌ಫಾರ್ಮರ್‌ನಿಂದ ಕೆಪಾಸಿಟರ್‌ಗೆ ಬರುವುದು ಸುಮಾರು 15.7 ವೋಲ್ಟ್ ಮಾತ್ರ. ಆಗ ರೆಗ್ಯುಲೇಟರ್ ಕೈಚೆಲ್ಲಿ, ಒಳಗಿನ ರಿಪಲ್ಲನ್ನು ಹಾಗೆಯೇ ಹೊರಗೆ ಬಿಡುತ್ತದೆ. ಸಂಜೆ ಏಳಕ್ಕೆ ಗುಂಯ್ ಎನ್ನುವ ಸೆಟ್ಟು ರಾತ್ರಿ ಹನ್ನೊಂದಕ್ಕೆ ತಾನಾಗಿ ಸುಮ್ಮನಾಗುತ್ತದೆ ಎಂದು ಯಾರಾದರೂ ದೂರಿದರೆ ನಾನು ಮೊದಲು ಕೇಳುವುದು ಟ್ರಾನ್ಸ್‌ಫಾರ್ಮರ್ ಎಷ್ಟರದ್ದು ಎಂದೇ. 18-0-18ರಲ್ಲಿ ಅದೇ 180 ವೋಲ್ಟ್‌ಗೆ 19 ವೋಲ್ಟ್ ಉಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಶಾಖ. ಅದನ್ನು ಹೀಟ್ ಸಿಂಕ್ ಪ್ರಶ್ನೆಯಲ್ಲಿ ನೋಡೋಣ.

ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ನಂತರದ ಕೆಪಾಸಿಟರ್ ಎಷ್ಟು ದೊಡ್ಡದಿರಬೇಕು?

ಪ್ರತಿ ಕಡೆಗೆ 4700 ಮೈಕ್ರೋಫ್ಯಾರಡ್, 50 ವೋಲ್ಟ್. 35 ವೋಲ್ಟ್‌ನದ್ದು ಲೆಕ್ಕಕ್ಕೆ ಸಾಕಾದರೂ, ಮೈನ್ಸ್ 250ಕ್ಕೆ ಏರಿ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಇಲ್ಲದಾಗ 30 ವೋಲ್ಟ್ ದಾಟಬಹುದು. ಅಷ್ಟು ಅಂಚಿನಲ್ಲಿ ಇಡುವುದು ಬೇಡ.

ರಿಪಲ್ ಲೆಕ್ಕ ಸುಲಭ: ಕರೆಂಟನ್ನು 100ರಿಂದಲೂ, ಫ್ಯಾರಡ್‌ನಲ್ಲಿ ಬರೆದ ಕೆಪಾಸಿಟರ್ ಬೆಲೆಯಿಂದಲೂ ಭಾಗಿಸಿ. ನಮ್ಮ ಮೈನ್ಸ್ 50 ಹರ್ಟ್ಜ್ ಆದುದರಿಂದ ಫುಲ್ ವೇವ್‌ನಲ್ಲಿ ಸೆಕೆಂಡಿಗೆ 100 ಬಾರಿ ಕೆಪಾಸಿಟರ್ ತುಂಬಿಕೊಳ್ಳುತ್ತದೆ. 0.2 ಆಂಪಿಯರ್‌ಗೆ 4700 ಮೈಕ್ರೋಫ್ಯಾರಡ್ ಇಟ್ಟರೆ ರಿಪಲ್ ಸುಮಾರು 0.43 ವೋಲ್ಟ್, 2200 ಇಟ್ಟರೆ 0.9 ವೋಲ್ಟ್. 10,000 ಇಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಕೆಪಾಸಿಟರ್ ದೊಡ್ಡದಾದಷ್ಟೂ ಅದು ತುಂಬಿಕೊಳ್ಳುವ ಅವಧಿ ಕಿರಿದಾಗಿ ಕರೆಂಟ್ ಹೆಚ್ಚು ಚೂಪಾಗುತ್ತದೆ, ಮತ್ತು ಆ ಚೂಪೇ ಮುಂದೆ ತಂತಿಗಳಲ್ಲಿ ಕಾಟ ಕೊಡುತ್ತದೆ.

ಡಯೋಡ್‌ಗೆ ನಾಲ್ಕು 1ಎನ್ 4007 ಸಾಕು.

ವೋಲ್ಟೇಜ್ ನಿರ್ಧರಿಸುವ ರೆಸಿಸ್ಟರ್‌ಗಳು ಯಾವುವು?

317 ತನ್ನ ಔಟ್‌ಪುಟ್ ಮತ್ತು ಅಡ್ಜಸ್ಟ್ ಪಿನ್‌ಗಳ ನಡುವೆ ಸದಾ 1.25 ವೋಲ್ಟ್ ಕಾಪಾಡುತ್ತದೆ. ಆ ಎರಡರ ನಡುವೆ 120 ಓಮ್ ಹಾಕಿದರೆ ಅದರಲ್ಲಿ 10 ಮಿಲಿಆಂಪಿಯರ್‌ಗಿಂತ ತುಸು ಹೆಚ್ಚು ಹರಿಯುತ್ತದೆ. ಅದೇ ಕರೆಂಟ್ ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ ಇರುವ ಎರಡನೆಯ ರೆಸಿಸ್ಟರ್‌ನಲ್ಲೂ ಹರಿದು ಉಳಿದ ವೋಲ್ಟೇಜನ್ನು ಕೊಡುತ್ತದೆ. 15 ವೋಲ್ಟ್‌ಗೆ ಅದು 1320 ಓಮ್ ಆಗಬೇಕು. ಅಂಗಡಿಯಲ್ಲಿ 1320 ಸಿಗದು, 1.2 ಕಿಲೋಓಮ್ ಮತ್ತು 120 ಓಮ್ ಸರಣಿಯಲ್ಲಿ ಜೋಡಿಸಿದರೆ ಸರಿಯಾಗಿ ಅಷ್ಟೇ. ಅಡ್ಜಸ್ಟ್ ಪಿನ್‌ನಿಂದ ಹೊರಬರುವ ಸುಮಾರು 50 ಮೈಕ್ರೋಆಂಪಿಯರ್ ಇನ್ನೊಂದು 0.07 ವೋಲ್ಟ್ ಸೇರಿಸುತ್ತದೆ, ಅದನ್ನು ಲೆಕ್ಕಿಸಬೇಕಿಲ್ಲ.

ಹಲವು ಸರ್ಕ್ಯೂಟ್ ಚಿತ್ರಗಳಲ್ಲಿ 120ರ ಬದಲು 240 ಓಮ್ ಕಾಣುತ್ತದೆ. ಅದು 317ರ ಸೋದರ ಚಿಪ್ ಆದ ಎಲ್‌ಎಂ 117ಕ್ಕೆ ಹೇಳಿದ್ದು. 317ಕ್ಕೆ ಕನಿಷ್ಠ ಲೋಡ್ ಕರೆಂಟ್ 10 ಮಿಲಿಆಂಪಿಯರ್ ತನಕ ಬೇಕಾಗಬಹುದಾದ್ದರಿಂದ 120 ಇಟ್ಟರೆ ಲೋಡ್ ಕಳಚಿದಾಗಲೂ ವೋಲ್ಟೇಜ್ ಮೇಲೆ ಹತ್ತುವುದಿಲ್ಲ. ರೆಸಿಸ್ಟರ್‌ಗಳು ಶೇಕಡಾ 1ರ ಮೆಟಲ್ ಫಿಲ್ಮ್ ಆಗಿರಲಿ.

ರೆಗ್ಯುಲೇಟರ್ ಸುತ್ತ ಇರುವ ಎರಡು ಡಯೋಡ್‌ಗಳನ್ನು ಬಿಟ್ಟರೆ ನಡೆಯುತ್ತದೆಯೇ?

ನಡೆಯುತ್ತದೆ, ಒಂದು ದಿನ ನಿಲ್ಲುತ್ತದೆ. ಸ್ವಿಚ್ ಆರಿಸಿದಾಗ ಔಟ್‌ಪುಟ್ ಮತ್ತು ಅಡ್ಜಸ್ಟ್ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಚಿಪ್‌ನ ಮೂಲಕ ಹಿಮ್ಮುಖವಾಗಿ ಹರಿಯದಂತೆ ಅವು ಕಾಯುತ್ತವೆ. 317ರಲ್ಲಿ ಮೊದಲನೆಯದರ ಪಟ್ಟಿ ಇರುವ ತುದಿ ಇನ್‌ಪುಟ್‌ಗೆ, ಇನ್ನೊಂದು ತುದಿ ಔಟ್‌ಪುಟ್‌ಗೆ. ಎರಡನೆಯದರ ಪಟ್ಟಿ ಔಟ್‌ಪುಟ್‌ಗೆ, ಇನ್ನೊಂದು ತುದಿ ಅಡ್ಜಸ್ಟ್‌ಗೆ. 337ರಲ್ಲಿ ಎರಡೂ ತಿರುವುಮುರುವು.

ಔಟ್‌ಪುಟ್‌ಗೆ ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿದರೆ ಧ್ವನಿ ಸುಧಾರಿಸುತ್ತದೆಯೇ?

ಇಲ್ಲ. ಕೆಲವೊಮ್ಮೆ ಕೆಡುತ್ತದೆ. ರೆಗ್ಯುಲೇಟರ್ ಒಂದು ಫೀಡ್‌ಬ್ಯಾಕ್ ಸರ್ಕ್ಯೂಟ್. ಆಂತರಿಕ ರೋಧ ಅತಿ ಕಡಿಮೆ ಇರುವ ಚಿಕ್ಕ ಕೆಪಾಸಿಟರ್ ಒಂದನ್ನೇ ನೇತುಹಾಕಿದರೆ ರೆಗ್ಯುಲೇಟರ್ ಗಂಟೆಯಂತೆ ಮಿಡಿಯುವ ಸಾಧ್ಯತೆಯಿದೆ. ಸಾದಾ ಅಲ್ಯೂಮಿನಿಯಂ ಎಲೆಕ್ಟ್ರೋಲಿಟಿಕ್, 25ರಿಂದ 100 ಮೈಕ್ರೋಫ್ಯಾರಡ್, ಇಲ್ಲಿ ಹೆಚ್ಚು ಸುರಕ್ಷಿತ. ಅದರಲ್ಲೂ 337 ಔಟ್‌ಪುಟ್ ಕೆಪಾಸಿಟರ್ ಇಲ್ಲದೆ ಸ್ಥಿರವಾಗಿರದು. ಕನಿಷ್ಠ 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಅದರ ಕಾಲಿನ ಪಕ್ಕದಲ್ಲೇ ಇರಬೇಕು.

ಹೀಟ್ ಸಿಂಕ್ ಬೇಕೇ? ಎರಡಕ್ಕೂ ಒಂದೇ ಸಾಕೇ?

ಬೇಕು. 24.5ರಿಂದ 15ಕ್ಕೆ ಇಳಿಸುವಾಗ 0.2 ಆಂಪಿಯರ್‌ಗೆ 1.9 ವ್ಯಾಟ್ ಶಾಖವಾಗುತ್ತದೆ. ಹೀಟ್ ಸಿಂಕ್ ಇಲ್ಲದೆ ಬರಿಯ ಚಿಪ್ ಒಂದು ವ್ಯಾಟ್‌ಗೆ ಸುಮಾರು 50 ಡಿಗ್ರಿ ಏರುತ್ತದೆ ಎಂದಿಟ್ಟುಕೊಂಡರೆ, ಮುಚ್ಚಿದ ಪೆಟ್ಟಿಗೆಯಲ್ಲಿ 40 ಡಿಗ್ರಿ ಇರುವಾಗ ಒಳಗಿನ ಬಿಸಿ 135 ಡಿಗ್ರಿ ಮುಟ್ಟುತ್ತದೆ, ಮಿತಿ 125. ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಪೆಟ್ಟಿಗೆಯೊಳಗೆ 40 ಡಿಗ್ರಿ ಎನ್ನುವುದು ತಂಪಿನ ಲೆಕ್ಕ.

ಒಂದೇ ಹೀಟ್ ಸಿಂಕ್‌ಗೆ ಎರಡನ್ನೂ ಕೂರಿಸಬಹುದು, ಮೈಕಾ ವಾಷರ್ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ ಮಾತ್ರ. ಬರಹವಿರುವ ಮುಖ ನಮ್ಮ ಕಡೆಗಿದ್ದಾಗ 317ರಲ್ಲಿ ಎಡದಿಂದ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಬೆನ್ನಿನ ಲೋಹ ಔಟ್‌ಪುಟ್‌ಗೆ ಸೇರಿದೆ. 337ರಲ್ಲಿ ಅಡ್ಜಸ್ಟ್, ಇನ್‌ಪುಟ್, ಔಟ್‌ಪುಟ್; ಬೆನ್ನಿನ ಲೋಹ ಇನ್‌ಪುಟ್. ನನ್ನ ಮೊದಲ ಸಪ್ಲೈಯಲ್ಲಿ ಮೈಕಾ ಹಾಕದೆ ಎರಡನ್ನೂ ಒಂದೇ ಅಲ್ಯೂಮಿನಿಯಂ ತುಂಡಿಗೆ ಬಿಗಿದಿದ್ದೆ. ಅಂದರೆ ಪ್ಲಸ್ 15ರ ಔಟ್‌ಪುಟ್ಟನ್ನು ಮೈನಸ್ 24ಕ್ಕೆ ನೇರವಾಗಿ ಕಟ್ಟಿದ್ದೆ. ಸ್ವಿಚ್ ಹಾಕಿದಾಗ ಸದ್ದಿಲ್ಲ, ಕಿಡಿಯಿಲ್ಲ. ಟ್ರಾನ್ಸ್‌ಫಾರ್ಮರ್ ಮಾತ್ರ ಸಣ್ಣಗೆ ನರಳಿತು, ಬಳಿಕ ಬಿಸಿ ವಾರ್ನಿಷ್ ವಾಸನೆ ಬಂತು. ಬೆರಳಿನಿಂದ ಹೀಟ್ ಸಿಂಕ್ ಮುಟ್ಟಿ ನೋಡಿದ ಗುರುತು ಒಂದು ವಾರ ಉಳಿಯಿತು. ಅಂದಿನಿಂದ ಬಿಗಿದ ಮೇಲೆ ಮಲ್ಟಿಮೀಟರನ್ನು ಬಜರ್‌ಗೆ ಇಟ್ಟು, ಪ್ರತಿ ಚಿಪ್‌ನ ಬೆನ್ನಿಗೂ ಹೀಟ್ ಸಿಂಕ್‌ಗೂ ನಡುವೆ ಅದು ಕೂಗುವುದಿಲ್ಲ ಎಂದು ನೋಡದೆ ಮುಂದಿನ ತಂತಿ ಹಾಕುವುದಿಲ್ಲ.

ಎಲ್ಲವನ್ನೂ ಚಿತ್ರದಂತೆಯೇ ಕಟ್ಟಿದೆ, ಆದರೂ ಗುಂಯ್ ಎನ್ನುತ್ತದೆ. ಇನ್ನೂ ಒಳ್ಳೆಯ ರೆಗ್ಯುಲೇಟರ್ ಹಾಕಬೇಕೇ?

ಬೇಡ. ಮೊದಲು ಲೆಕ್ಕ ನೋಡಿ. ಕೆಪಾಸಿಟರ್‌ನಲ್ಲಿ 0.43 ವೋಲ್ಟ್ ರಿಪಲ್ ಇತ್ತು. 80 ಡೆಸಿಬಲ್ ಎಂದರೆ ಹತ್ತು ಸಾವಿರ ಪಟ್ಟು ಇಳಿಕೆ. ರೆಗ್ಯುಲೇಟರ್ ದಾಟಿದ ಮೇಲೆ ಉಳಿದದ್ದು 0.043 ಮಿಲಿವೋಲ್ಟ್. ಅದರ ಮೇಲೆ ಎನ್‌ಇ 5532ರಂಥ ಆಪ್-ಆಂಪ್ ತನ್ನ ಸಪ್ಲೈಯ ಏರಿಳಿತವನ್ನು ತಾನೇ ಸುಮಾರು 100 ಡೆಸಿಬಲ್ ತಡೆಯುತ್ತದೆ. ಕಿವಿಗೆ ತಲುಪುವುದು ಏನೂ ಇಲ್ಲ. ರೆಗ್ಯುಲೇಟರ್‌ಗೆ ಸಾಕಷ್ಟು ಇನ್‌ಪುಟ್ ವೋಲ್ಟೇಜ್ ಸಿಗುತ್ತಿದ್ದರೆ, ನಿಮಗೆ ಕೇಳುತ್ತಿರುವ ಸದ್ದು ಅದರ ಮೂಲಕ ಬರುತ್ತಿಲ್ಲ. ಪಕ್ಕದ ದಾರಿಯಿಂದ ಬರುತ್ತಿದೆ. ಆ ದಾರಿಗಳು ಮುಖ್ಯವಾಗಿ ಮೂರು, ಮತ್ತು ಯಾವುದು ಎಂದು ಕಿವಿಯೇ ಹೇಳುತ್ತದೆ.

ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ತೆರೆದು 50 ಮತ್ತು 100 ಹರ್ಟ್ಜ್ ಎರಡನ್ನೂ ಹೆಡ್‌ಫೋನ್‌ನಲ್ಲಿ ಕೇಳಿಕೊಂಡು, ನಿಮ್ಮ ಸೆಟ್ಟಿನ ಸದ್ದು ಯಾವುದಕ್ಕೆ ಹತ್ತಿರ ಎಂದು ನೋಡಿ. ಸಂಗೀತ ಕಲಿತವರಿಗೆ ಇದು ಕಷ್ಟವಲ್ಲ. ಶ್ರುತಿ ಸೇರದ ಇನ್ನೊಂದು ತಂಬೂರಿ ಹಿಂದೆ ಮೀಟುತ್ತಿರುವಂತೆ ಅದು ಅವರನ್ನು ಮೊದಲೇ ಕಾಡಿರುತ್ತದೆ.

ಸದ್ದು 100 ಹರ್ಟ್ಜ್‌ನದ್ದಾಗಿ, ತುಸು ಕರಕರ ಎನ್ನುತ್ತಿದ್ದರೆ ತಪ್ಪು ಗ್ರೌಂಡ್ ಜೋಡಣೆಯಲ್ಲಿದೆ. ಎರಡು ದೊಡ್ಡ ಕೆಪಾಸಿಟರ್‌ಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಮೈನಸ್ ಮತ್ತು ಇನ್ನೊಂದರ ಪ್ಲಸ್ ಸೇರಿಸುವ ಕೊಂಡಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ನೋಡಲು ಅದು ಬರಿಯ ಗ್ರೌಂಡ್. ಆದರೆ ಕೆಪಾಸಿಟರ್‌ಗಳು ತುಂಬಿಕೊಳ್ಳುವ ಅಷ್ಟೂ ಕರೆಂಟ್ ಆ ಕೊಂಡಿಯಲ್ಲೇ ಹಾಯುತ್ತದೆ, ಅದೂ ಹತ್ತು ಮಿಲಿಸೆಕೆಂಡಿಗೊಮ್ಮೆ ಸುಮಾರು ಎರಡು ಮಿಲಿಸೆಕೆಂಡ್ ಮಾತ್ರ, ಒಂದೂವರೆ ಆಂಪಿಯರ್‌ನಷ್ಟು ಎತ್ತರದ ತುದಿಯೊಂದಿಗೆ. 0.5 ಚದರ ಮಿಲಿಮೀಟರ್ ತಾಮ್ರದ ತಂತಿ ಹತ್ತು ಸೆಂಟಿಮೀಟರ್ ಇದ್ದರೆ ಅದರ ರೋಧ ಸುಮಾರು 3.5 ಮಿಲಿಓಮ್, ಒಂದೂವರೆ ಆಂಪಿಯರ್‌ಗೆ ಅದರ ಎರಡು ತುದಿಗಳ ನಡುವೆ 5 ಮಿಲಿವೋಲ್ಟ್ ಏಳುತ್ತದೆ. ಆ ಕೊಂಡಿಯ ಒಂದು ತುದಿಯಿಂದ ಪ್ರೀಆಂಪ್ ಬೋರ್ಡಿನ ಗ್ರೌಂಡ್, ಇನ್ನೊಂದು ತುದಿಯಿಂದ ಇನ್‌ಪುಟ್ ಸಾಕೆಟ್‌ನ ಗ್ರೌಂಡ್ ತೆಗೆದುಕೊಂಡಿರೋ, ಆ 5 ಮಿಲಿವೋಲ್ಟ್ ನೇರವಾಗಿ ನಿಮ್ಮ ಸಿಗ್ನಲ್ಲಿಗೆ ಸೇರಿತು. ಡೈನಾಮಿಕ್ ಮೈಕ್‌ನ ಇಡೀ ಸಿಗ್ನಲ್ಲೇ ಕೆಲವು ಮಿಲಿವೋಲ್ಟ್ ಇರುವಾಗ ಯಾವ ರೆಗ್ಯುಲೇಟರ್ ತಾನೆ ಇದನ್ನು ಸರಿಪಡಿಸೀತು?

ಪರಿಹಾರಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಆ ಕೊಂಡಿಯನ್ನು ದಪ್ಪವಾಗಿ, ಗಿಡ್ಡವಾಗಿ ಮಾಡಿ. ಸೆಂಟರ್ ಟ್ಯಾಪ್ ತಂತಿ ಅಲ್ಲಿಗೇ ಬರಲಿ. ಅದರ ನಡುವಿನಿಂದ ಒಂದೇ ಒಂದು ತಂತಿ ಹೊರಟು ಬೇರೆಡೆ ಒಂದು ಬಿಂದುವಿಗೆ ಹೋಗಲಿ. ರೆಗ್ಯುಲೇಟರ್‌ಗಳ ರೆಸಿಸ್ಟರ್ ಗ್ರೌಂಡ್, ಔಟ್‌ಪುಟ್ ಕೆಪಾಸಿಟರ್ ಗ್ರೌಂಡ್, ಪ್ರೀಆಂಪ್ ಗ್ರೌಂಡ್ ಎಲ್ಲವೂ ಆ ಎರಡನೆಯ ಬಿಂದುವಿನಲ್ಲೇ ಸೇರಲಿ, ಕೊಂಡಿಯ ಮೇಲೆ ಯಾವುದೂ ಅಲ್ಲ.

ಸದ್ದು 50 ಹರ್ಟ್ಜ್‌ನದ್ದಾಗಿ ಮೆತ್ತಗಿದ್ದರೆ ಅದು ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ. ನಮ್ಮಲ್ಲಿ ಸುಲಭವಾಗಿ ಸಿಗುವ ತಗಡಿನ ಕೋರ್‌ನ ಟ್ರಾನ್ಸ್‌ಫಾರ್ಮರ್‌ಗಳು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಸೋರುತ್ತವೆ. ಪೆಟ್ಟಿಗೆಗೆ ತೂತು ಕೊರೆಯುವ ಮೊದಲು ಟ್ರಾನ್ಸ್‌ಫಾರ್ಮರನ್ನು ಒಂದು ಮರದ ತುಂಡಿಗೆ ಬಿಗಿದು, ಉದ್ದ ತಂತಿಯಲ್ಲಿ ಜೋಡಿಸಿ, ಪ್ರತಿ ಬಾರಿ ಪ್ಲಗ್ ಕಿತ್ತು ಕಾಲು ಸುತ್ತು ತಿರುಗಿಸಿ ಮತ್ತೆ ಕೇಳಿ. ಸದ್ದು ತಟ್ಟನೆ ಇಳಿಯುವ ಒಂದು ಕೋನ ಸಿಕ್ಕೇ ಸಿಗುತ್ತದೆ.

ಮೂರನೆಯದು, ಲ್ಯಾಪ್‌ಟಾಪ್ ಅಥವಾ ಸೆಟ್ ಟಾಪ್ ಬಾಕ್ಸ್ ಜೋಡಿಸಿದಾಗ ಮಾತ್ರ ಬರುವ ಸದ್ದು. ಅದು ಎರಡು ಸಲಕರಣೆಗಳ ನಡುವಿನ ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಸೇರಿದ ಗ್ರೌಂಡ್‌ಗಳ ಸುತ್ತು. ನಿಮ್ಮ ಸಪ್ಲೈಯ ದೋಷವಲ್ಲ.

ಅರ್ಥ್ ಪಿನ್ ಕಿತ್ತರೆ ಆ ಸದ್ದು ಹೋಗುತ್ತದೆ ಎನ್ನುತ್ತಾರಲ್ಲ?

ಹೋಗುತ್ತದೆ, ಜೊತೆಗೆ ನಿಮ್ಮನ್ನು ಕಾಯುವುದೂ ಹೋಗುತ್ತದೆ. ಲೋಹದ ಪೆಟ್ಟಿಗೆಗೆ ಹಸಿರು-ಹಳದಿ ತಂತಿಯನ್ನು ಅದರದೇ ಸ್ಕ್ರೂ ಮತ್ತು ಹಲ್ಲಿನ ವಾಷರ್ ಹಾಕಿ, ಬಣ್ಣ ಕೆರೆದ ಜಾಗದಲ್ಲಿ ಬಿಗಿಯಬೇಕು. ಇದರಲ್ಲಿ ರಾಜಿ ಇಲ್ಲ. ಲೂಪ್ ಸದ್ದು ತಾಳಲಾರದಷ್ಟಿದ್ದರೆ ಪೆಟ್ಟಿಗೆಯ ಅರ್ಥ್ ಹಾಗೆಯೇ ಇರಲಿ. ಆಡಿಯೋ ಗ್ರೌಂಡನ್ನು ಮಾತ್ರ ಪೆಟ್ಟಿಗೆಗೆ 10 ಓಮ್ ರೆಸಿಸ್ಟರ್ ಮೂಲಕ ಸೇರಿಸಿ, ಅದಕ್ಕೆ ಸಮಾಂತರವಾಗಿ 25 ಅಥವಾ 35 ಆಂಪಿಯರ್‌ನ ಲೋಹದ ಬ್ರಿಡ್ಜ್ ಇಡಿ: ಅದರ ಪ್ಲಸ್ ಮತ್ತು ಮೈನಸ್ ಕಾಲುಗಳನ್ನು ಒಂದಕ್ಕೊಂದು ಸೇರಿಸಿ, ಎರಡು ಎಸಿ ಕಾಲುಗಳನ್ನು ರೆಸಿಸ್ಟರ್‌ನ ಎರಡು ತುದಿಗೆ ಕೊಡಿ. ಸಣ್ಣ ಲೂಪ್ ಕರೆಂಟನ್ನು ರೆಸಿಸ್ಟರ್ ತಡೆಯುತ್ತದೆ, ದೊಡ್ಡ ದೋಷದ ಕರೆಂಟಿಗೆ ಬ್ರಿಡ್ಜ್ ದಾರಿ ಕೊಡುತ್ತದೆ.

ಫೇಸ್ ತಂತಿಯಲ್ಲಿ 250 ಮಿಲಿಆಂಪಿಯರ್ ಸ್ಲೋ ಬ್ಲೋ ಫ್ಯೂಸ್, ಆಮೇಲೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಬಲ್ ಪೋಲ್ ಸ್ವಿಚ್. ಹಳೆಯ ಮನೆಗಳ ಸಾಕೆಟ್‌ನಲ್ಲಿ ಫೇಸ್ ಬಲಕ್ಕೇ ಇರುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬಾರದು.

ಮೊದಲ ಬಾರಿ ಕರೆಂಟ್ ಕೊಡುವಾಗ ಏನು ಮಾಡಬೇಕು?

ರಿಪೇರಿ ಅಂಗಡಿಗಳಲ್ಲಿರುವ ಸೀರೀಸ್ ಲ್ಯಾಂಪ್ ಬಳಸಿ. 40 ವ್ಯಾಟ್‌ನ ಹಳೆಯ ತಂತಿ ಬಲ್ಬನ್ನು ಫೇಸ್‌ಗೆ ಸರಣಿಯಲ್ಲಿ ಹಾಕಿ ಸ್ವಿಚ್ ಒತ್ತಿದಾಗ ಅದು ಒಂದು ಕ್ಷಣ ಮಿನುಗಿ ಆರಿದರೆ ಸರಿ. ಬೆಳಗುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬ್‌ನಿಂದ ಇದು ಆಗದು.

ಬಲ್ಬ್ ತೆಗೆದ ಮೇಲೆ, ಆಪ್-ಆಂಪ್‌ಗಳನ್ನು ಸಾಕೆಟ್‌ಗೆ ಹಾಕದೆಯೇ ಎರಡೂ ಕಡೆಯ ವೋಲ್ಟೇಜ್ ನೋಡಿ. ನಂತರ ಪ್ರತಿ ಕಡೆಗೆ 100 ಓಮ್, 5 ವ್ಯಾಟ್‌ನ ರೆಸಿಸ್ಟರ್ ಲೋಡ್ ಆಗಿ ಇಡಿ. 150 ಮಿಲಿಆಂಪಿಯರ್ ಹರಿಯುತ್ತದೆ. ಅರ್ಧ ಗಂಟೆ ಬಿಟ್ಟು ವೋಲ್ಟೇಜ್ ಮತ್ತೆ ನೋಡಿ. ರಿಪಲ್ ಅಳೆಯಲು ಅಗ್ಗದ ಹಳದಿ ಮಲ್ಟಿಮೀಟರ್ ನಂಬಬೇಡಿ. ಅದರ ಅತಿ ಚಿಕ್ಕ ಎಸಿ ರೇಂಜ್ 200 ವೋಲ್ಟ್‌ನದ್ದು, ಮಿಲಿವೋಲ್ಟ್ ಅದಕ್ಕೆ ಕಾಣುವುದಿಲ್ಲ.

ಬಿಡಿ ಭಾಗಗಳು ಎಲ್ಲಿ ಸಿಗುತ್ತವೆ, ನಕಲಿಯನ್ನು ಗುರುತಿಸುವುದು ಹೇಗೆ?

ಬೆಂಗಳೂರಿನವರಿಗೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡ್, ಇದ್ದೇ ಇದೆ. 317 ನಕಲಿ ಎಂಬ ಸಂಶಯವಿದ್ದರೆ ಮೇಲಿನ ಬರಹ ಉಜ್ಜಿ ನೋಡುವುದಕ್ಕಿಂತ ಅಳೆಯುವುದು ಒಳ್ಳೆಯದು: ಔಟ್‌ಪುಟ್ ಮತ್ತು ಅಡ್ಜಸ್ಟ್ ನಡುವೆ 1.20ರಿಂದ 1.30 ವೋಲ್ಟ್ ಒಳಗಿರಬೇಕು, ಲೋಡ್ ಕೊಟ್ಟಾಗಲೂ ಅದು ಅಲುಗಬಾರದು.

ಪವರ್ ಆಂಪ್ಲಿಫೈಯರ್‌ಗೂ ಇದನ್ನೇ ಬಳಸಬಹುದೇ?

ಇಲ್ಲ. ಪವರ್ ಆಂಪ್‌ಗೆ ಹಲವು ಆಂಪಿಯರ್ ಬೇಕು. ಅದಕ್ಕೆ ಸಾಮಾನ್ಯವಾಗಿ ಬ್ರಿಡ್ಜ್ ಮತ್ತು ದೊಡ್ಡ ಕೆಪಾಸಿಟರ್‌ಗಳೇ ಸಾಕು, ರೆಗ್ಯುಲೇಟರ್ ಇಡುವುದಿಲ್ಲ.

ದೋಷ ಸಪ್ಲೈಯಲ್ಲಿದೆಯೋ ಪ್ರೀಆಂಪ್‌ನಲ್ಲಿದೆಯೋ ಖಚಿತವಾಗಿ ತಿಳಿಯುವ ಉಪಾಯವಿದೆಯೇ?

ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಇಟ್ಟು, ನಡುವಿನ ಜೋಡಣೆಯನ್ನು ಗ್ರೌಂಡ್ ಮಾಡಿ ಪ್ರೀಆಂಪ್‌ಗೆ ಕೊಡಿ. 5532 ಪ್ಲಸ್-ಮೈನಸ್ 9ರಲ್ಲೂ ಚೆನ್ನಾಗಿ ನಡೆಯುತ್ತದೆ. ನಿಮ್ಮ ಸಪ್ಲೈಯ ಪ್ಲಗ್ಗನ್ನು ಪೂರ್ತಿ ಕಿತ್ತಿಡಿ. ಆಗಲೂ ಗುಂಯ್ ಸದ್ದು ಇದ್ದರೆ ಅದು ಇನ್‌ಪುಟ್ ತಂತಿಯದ್ದೋ ಶೀಲ್ಡ್‌ನದ್ದೋ ಆಗಿರುತ್ತದೆ. ಸದ್ದು ಹೋದರೆ ಇನ್ನೊಂದು ಹೆಜ್ಜೆ ಇದೆ: ಬ್ಯಾಟರಿಯಲ್ಲೇ ನಡೆಯುತ್ತಿರುವಾಗ, ಸಪ್ಲೈಯ ಔಟ್‌ಪುಟ್ ಎಲ್ಲಿಗೂ ಜೋಡಿಸದೆ, ಅದನ್ನು ಅದರ ಮಾಮೂಲಿ ಜಾಗದಲ್ಲೇ ಇಟ್ಟು ಪ್ಲಗ್ ಮಾತ್ರ ಹಾಕಿ. ಆಗ ಸದ್ದು ಮರಳಿದರೆ ಟ್ರಾನ್ಸ್‌ಫಾರ್ಮರ್ ತಿರುಗಿಸಿ ಅಥವಾ ದೂರ ಸರಿಸಿ. ಮರಳದಿದ್ದರೆ ಕೆಪಾಸಿಟರ್‌ಗಳ ನಡುವಿನ ಆ ಕೊಂಡಿಯನ್ನು ಬಿಚ್ಚಿ ಮತ್ತೆ ಬೆಸೆಯಿರಿ.